ಒಮ್ಮೆ ಇದ್ದಾಳೆ, ಒಮ್ಮೆ ಇಲ್ಲ

ಆಫೀಸಿನಲ್ಲಿ ಅವಳಿಗೆ ಅನುಮಾನಮ್ಮ ಎಂಬ ಹೆಸರು ಬಿದ್ದು ವರ್ಷಗಳೇ ಆಗಿದ್ದವು. ಬೆನ್ನ ಹಿಂದೆ ಹುಟ್ಟಿದ ಹೆಸರು ನಿಧಾನವಾಗಿ ಎದುರಿಗೂ ಬಂದು, ಈಗ ಅವಳೇ ಫೋನೆತ್ತಿ "ಅನುಮಾನಮ್ಮ ಮಾತಾಡ್ತಿರೋದು" ಎನ್ನುವಷ್ಟು ಒಗ್ಗಿಹೋಗಿತ್ತು. ಹೆಸರೇನೂ ಸುಳ್ಳಲ್ಲ. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತಿದ್ದಳು. ಮಗಳಿಗೆ ಕೆಮ್ಮಿನ ಔಷಧಿ ಕುಡಿಸುವ ಮೊದಲು ಸೀಸೆಯ ಮೇಲಿನ ಅಕ್ಷರವನ್ನು ಓದಿ, ಚಮಚಕ್ಕೆ ಬಗ್ಗಿಸಿ, ಮತ್ತೆ ಓದುತ್ತಿದ್ದಳು. "ಅಷ್ಟೊತ್ತಿಗೆ ಮಗೂಗೆ ಕೆಮ್ಮೇ ವಾಸಿಯಾಗಿರುತ್ತೆ" ಎಂದು ಅತ್ತೆ ಆಡಿಕೊಳ್ಳುತ್ತಿದ್ದರು.

ಆದರೆ ಅವಳ ಕೆಲಸಕ್ಕೆ ಆ ಗುಣವೇ ಬಂಡವಾಳವಾಗಿತ್ತು. ಜನನ ಮರಣ ನೋಂದಣಿ ಕಚೇರಿಯ ಡೇಟಾಬೇಸನ್ನು ನೋಡಿಕೊಳ್ಳುವವಳು ಅವಳು. ಊರಿನಲ್ಲಿ ಯಾರು ಬಂದರು, ಯಾರು ಹೋದರು ಎಂಬುದೆಲ್ಲ ಕಿಟಕಿಯಿಲ್ಲದ ಒಂದು ತಣ್ಣನೆಯ ಕೋಣೆಯಲ್ಲಿ, ಒಂದು ಹಳೆಯ ಸರ್ವರಿನ ಹೊಟ್ಟೆಯಲ್ಲಿತ್ತು. ಆಸ್ಪತ್ರೆ, ಶಾಲೆ, ಬ್ಯಾಂಕು, ಎಲ್ಲರೂ ಆ ಪೆಟ್ಟಿಗೆಯನ್ನೇ ಕೇಳುವವರು. ಅದು ಇದ್ದಾನೆ ಎಂದರೆ ಇದ್ದಾನೆ, ಇಲ್ಲ ಎಂದರೆ ಇಲ್ಲ. ಬದುಕಿರುವ ಮುದುಕರೊಬ್ಬರು ತಾವು ಸತ್ತಿಲ್ಲವೆಂದು ಸಾಬೀತು ಮಾಡಲು ವರ್ಷಗಟ್ಟಲೆ ಅಲೆದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಕೊನೆಗೆ ತಿದ್ದುಪಡಿ ಆದೇಶ ಬಂದಾಗ ಅದನ್ನು ತೆಗೆದುಕೊಳ್ಳಲು ಅವರ ಮಗ ಬಂದಿದ್ದ.

ಆ ಹಳೆಯ ಪೆಟ್ಟಿಗೆ ಈಗ ಏದುಸಿರು ಬಿಡುತ್ತಿತ್ತು. ಅದರ ಮೆಮೊರಿ ಎಷ್ಟು ಚಿಕ್ಕದೆಂದರೆ ಈಗಷ್ಟೇ ಕೇಳಿದ್ದನ್ನು ಇನ್ನೊಂದು ಪ್ರಶ್ನೆ ಬರುವಷ್ಟರಲ್ಲಿ ಮರೆತು, ಮತ್ತೆ ಡಿಸ್ಕಿನವರೆಗೆ ಓಡಿಹೋಗಿ ಓದಿಕೊಂಡು ಬರುತ್ತಿತ್ತು. ಡೇಟಾಬೇಸಿಗೆಂದೇ ಒಂದು ಹೊಸ ಸರ್ವರ್ ಕೊಳ್ಳಲು ಮಂಜೂರಾಗಿ, ಯಾವುದು ಎಂದು ಆರಿಸುವ ಹೊಣೆ ಅನುಮಾನಮ್ಮನ ಹೆಗಲಿಗೆ ಬಿತ್ತು. "ನೋಡಮ್ಮ, ನೀನು ಆರಿಸಿದ್ದಕ್ಕೆ ಕಣ್ಮುಚ್ಚಿ ಸಹಿ ಹಾಕ್ತೀನಿ. ಆದ್ರೆ ಆರಿಸು. ನಿನ್ನ ಮಗಳ ಮದುವೆವರೆಗೂ ಕಾಯೋಕಾಗಲ್ಲ" ಎಂದರು ಸೂಪರಿಂಟೆಂಡೆಂಟ್.

ಪರೀಕ್ಷೆಗೆಂದು ಎರಡು ಯಂತ್ರಗಳು ಬಂದವು. ತಂದಿಳಿಸಿದ ಡೀಲರಿಗೆ ಆಫೀಸಿನವರು ಇಟ್ಟ ಹೆಸರು ಗ್ಯಾರಂಟಿ. ಯಾವ ಪ್ರಶ್ನೆ ಕೇಳಿದರೂ ಅವನ ಉತ್ತರ ಅದೊಂದೇ. ಮೊದಲನೆಯದು ಸಣಕಲು ಪೆಟ್ಟಿಗೆ; ಅವಳು ಅದನ್ನು ಬಡಕಲು ಎಂದು ಕರೆದಳು. ಓಡುವುದರಲ್ಲಿ ಚುರುಕು, ಆದರೆ ಸಾಮಾನ್ಯ ಮೆಮೊರಿ, ಸಾಮಾನ್ಯ ಡಿಸ್ಕು. ಎರಡನೆಯದು ಎತ್ತಲು ಇಬ್ಬರು ಬೇಕಾದ ಗುಂಡ. ಅದರ ಮೆಮೊರಿಯಲ್ಲಿ ಒಂದು ಚುಕ್ಕೆ ಆಚೀಚೆಯಾದರೂ ಅದನ್ನು ತಾನೇ ಹಿಡಿದು ತಿದ್ದಿಕೊಳ್ಳುತ್ತಿತ್ತು. ಕರೆಂಟು ಹೋದರೂ ಬಾಯಲ್ಲಿದ್ದ ಕೊನೆಯ ತುತ್ತನ್ನು ಬರೆದು ಮುಗಿಸುವಷ್ಟು ಕಸುವನ್ನು ಅದರ ಡಿಸ್ಕುಗಳು ಒಳಗೇ ಕೂಡಿಟ್ಟುಕೊಂಡಿರುತ್ತಿದ್ದವು.

"ಎರಡೂ ಒಂದೇ ಮೇಡಂ, ಗ್ಯಾರಂಟಿ. ಒಂದಕ್ಕೆ ಮೈ ಜಾಸ್ತಿ ಅಷ್ಟೆ."

"ಒಂದೇ ಆಗಿದ್ರೆ ಎರಡು ಯಾಕೆ ಮಾಡ್ತಾರೆ?"

"ನಿಮ್ಮಂಥವರಿಗೋಸ್ಕರ ಮೇಡಂ."

ಹಳೆಯ ಸರ್ವರಿನಲ್ಲಿದ್ದುದೆಲ್ಲವನ್ನೂ ಎರಡಕ್ಕೂ ಒಂದಾದ ಮೇಲೊಂದರಂತೆ ನಕಲು ಮಾಡಿದಳು. ಈ ಕಸುಬಿನವರಿಗೆ ಒಂದು ರೂಢಿಯಿದೆ. ಹೊಸ ಯಂತ್ರಕ್ಕೆ ಮೊಟ್ಟಮೊದಲ ಪ್ರಶ್ನೆಯಾಗಿ ಕೇಳುವುದು ತಮ್ಮ ಮಕ್ಕಳ ಹೆಸರನ್ನು. ಉತ್ತರ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಬೇಕಾಗಿಲ್ಲವಲ್ಲ. ಅವಳೂ ಬಡಕಲಿನಲ್ಲಿ ಮಗಳ ನೋಂದಣಿ ಸಂಖ್ಯೆ ಒತ್ತಿದಳು. ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು. ಸ್ಥಿತಿ: ಜೀವಂತ. ಗುಂಡನ ಕಡೆ ತಿರುಗಿ ಅದೇ ಸಂಖ್ಯೆ ಒತ್ತಿದಳು. ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು.

ಸ್ಥಿತಿ: ಮೃತ.

ಮೊದಲಿಗೆ ಅವಳಿಗೆ ಏನೂ ಅನ್ನಿಸಲಿಲ್ಲ. ಬೇರೆ ಯಾರದೋ ಸಂಖ್ಯೆ ಒತ್ತಿದೆನೇನೋ ಎಂದುಕೊಂಡು ಮತ್ತೆ ಒತ್ತಿದಳು. ಅದೇ ಬಂತು. ಕೋಣೆಯ ಫ್ಯಾನುಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಕುತ್ತಿಗೆಯ ಹಿಂದೆ ತಣ್ಣನೆಯ ಗಾಳಿ ಆಡಿದಂತಾಯಿತು; ಆ ಗಾಳಿ ದಿನಾ ಆಡುತ್ತದೆ, ಅದಕ್ಕೆಂದೇ ಅಲ್ಲಿ ಯಂತ್ರವಿದೆ. ಆದರೂ ಅವಳು ತಿರುಗಿ ನೋಡಿದಳು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ಎಂದು ತಾನು ನಂಬಿದ್ದ ಯಂತ್ರವೇ ಹೀಗೆ ಹೇಳುತ್ತಿದೆ ಎಂಬುದು ಆಗ ಹೊಳೆಯಿತು.

ಶಿಶುವಿಹಾರಕ್ಕೆ ಅವತ್ತು ರಜೆ. ಮನೆಗೆ ಫೋನು ಮಾಡಿದಳು.

"ಅತ್ತೆ, ಪುಟ್ಟಿ ಏನ್ಮಾಡ್ತಿದ್ದಾಳೆ?"

"ಏನ್ಮಾಡ್ತಾಳೆ, ನಿನ್ನ ಲಿಪ್‌ಸ್ಟಿಕ್ ತಗೊಂಡು ಗೋಡೆಗೆ ಬಳೀತಿದ್ದಾಳೆ. ಬದುಕಿದ್ದಾಳೆ ತಾಯಿ, ಗಳಿಗೆಗೊಂದು ಸಲ ಫೋನ್ ಮಾಡಿ ಕೇಳ್ಬೇಡ."

"ಅವಳಿಗೆ ಫೋನ್ ಕೊಡಿ ಅತ್ತೆ."

"ಅಮ್ಮಾ, ನಾನು ಗೋಡೆಗೆ ಬಾಯಿ ಮಾಡ್ತಿದ್ದೀನಿ" ಎಂದಳು ಪುಟ್ಟಿ. ಅನುಮಾನಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಆ ಉಸಿರಾಟವನ್ನೇ ಕೇಳುತ್ತ ನಿಂತಳು. ಎದುರಿನ ಪರದೆ ತನ್ನ ಮಾತನ್ನು ಬದಲಿಸಲಿಲ್ಲ.

ವಿಷಯ ತಿಳಿದು ಬಂದ ಸೂಪರಿಂಟೆಂಡೆಂಟರು ಕನ್ನಡಕವನ್ನು ಹಣೆಗೇರಿಸಿ ಎರಡೂ ಪರದೆ ನೋಡಿದರು. "ಸರಿಯಾಗೇ ಇದೆಯಲ್ಲ. ಬಡಕಲು ನಿಜ ಹೇಳ್ತಿದೆ, ದಪ್ಪಗಿರೋದು ಸುಳ್ಳು ಹೇಳ್ತಿದೆ. ಬಡಕಲು ತಗೊಳ್ಳೋಣ. ಇಷ್ಟು ಸುಲಭವಾಗಿ ಆರಿಸೋಕೆ ಯಾರಿಗೆ ಸಿಗುತ್ತೆ?"

"ಎರಡಕ್ಕೂ ಕೊಟ್ಟಿದ್ದು ಒಂದೇ ಮಿಷನ್‌ನಿಂದ ಸರ್. ಕೊಟ್ಟವರನ್ನ ಕೇಳ್ಬೇಕಲ್ವಾ?"

ಹಳೆಯ ಸರ್ವರಿನಲ್ಲಿ ಎರಡು ಡಿಸ್ಕುಗಳಿದ್ದವು, ಅಕ್ಕಪಕ್ಕ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಇರಬೇಕು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಮಾಡಿದ ಏರ್ಪಾಡು. ಓದುವಾಗ ಯಾವುದು ಬಿಡುವಾಗಿದೆಯೋ ಅದು ಉತ್ತರ ಕೊಡುತ್ತದೆ. ಎರಡರ ಮುಂದೆಯೂ ಒಂದೊಂದು ಹಸಿರು ದೀಪ. ಅವಳು ಸಂಖ್ಯೆ ಒತ್ತಿದಳು. ಬಲಗಡೆಯ ದೀಪ ಮಿಟುಕಿತು. ಜೀವಂತ. ಮತ್ತೆ ಒತ್ತಿದಳು. ಎಡಗಡೆಯದು ಮಿಟುಕಿತು. ಮೃತ. ಬಲ, ಬಲ, ಎಡ. ಇದ್ದಾಳೆ, ಇದ್ದಾಳೆ, ಇಲ್ಲ. ಕತ್ತಲಲ್ಲಿ ಕೂತ ಯಾವುದೋ ಪ್ರಾಣಿ ಒಂದೊಂದೇ ಕಣ್ಣು ಮುಚ್ಚಿ ತೆರೆದು ತನ್ನನ್ನು ನೋಡುತ್ತಿದೆ ಎನ್ನಿಸಿ ಅವಳು ಕೈ ಹಿಂದಕ್ಕೆಳೆದುಕೊಂಡಳು.

ಸೂಪರಿಂಟೆಂಡೆಂಟರು ಕನ್ನಡಕ ಇಳಿಸಿದರು. ಈಗ ಅವರ ದನಿ ತಗ್ಗಿತ್ತು. "ಇದಕ್ಕೇನೋ ರಿಪೇರಿ ಬಟನ್ ಇರುತ್ತಲ್ಲ? ಎರಡನ್ನೂ ಒಂದು ಮಾಡೋದು?"

"ಇದೆ ಸರ್. ಯಾವುದು ನಿಜ ಅಂತ ಅದಕ್ಕೆ ಗೊತ್ತಿರಲ್ಲ. ಎಡಗಡೆ ಇರೋದು ಮೊದಲನೇ ಡಿಸ್ಕು, ಅದನ್ನೇ ನಿಜ ಅಂದ್ಕೊಂಡು ಬಲಗಡೆಗೆ ಬರೆದುಬಿಡುತ್ತೆ."

"ಆಮೇಲೆ ನಿನ್ನ ಮಗಳದ್ದೊಂದು ತಿದ್ದಿದ್ರಾಯ್ತು."

"ನನ್ನ ಮಗಳು ಇರೋದು ನನಗೆ ಗೊತ್ತು. ಆಗಲೇ ತಾಳೆ ನೋಡ್ದೆ, ಇನ್ನೂ ಒಂದಷ್ಟು ಮಕ್ಕಳದ್ದು ಎರಡರಲ್ಲೂ ಬೇರೆ ಬೇರೆ ಇದೆ. ಅವರ ಮನೆಯವರಿಗೆ ಯಾರು ಹೇಳ್ತಾರೆ?"

"ನಾಳೆ ಮೇಲಿನ ಆಫೀಸಿಗೆ ಉತ್ತರ ಕೊಡ್ಬೇಕು ಕಣಮ್ಮ. ಸತ್ತವರನ್ನ ಬದುಕಿಸೋಕೆ ನಮ್ಮಲ್ಲಿ ಫಾರ್ಮೇ ಇಲ್ಲ, ನಿಂಗೂ ಗೊತ್ತು. ಒಂದು ಮಾಡು, ಮುಗಿಸು."

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ನೀವೇ ಒತ್ತಿ ಸರ್."

ಅವರು ಕುರ್ಚಿಯಲ್ಲಿ ಕೂತರು. ಬೆರಳನ್ನು ಕೀಲಿಯ ಹತ್ತಿರ ತಂದರು. ಎಡಗಡೆಯ ದೀಪ ಯಾರೂ ಏನೂ ಕೇಳದೆಯೇ ಒಮ್ಮೆ ಮಿಟುಕಿತು. ಅವರು ಎದ್ದು, ಅಂಗಿ ಸರಿಮಾಡಿಕೊಂಡು, "ಒಂದು ವಾರ ಕೊಡ್ತೀನಿ, ಮೇಲಿನವರಿಗೆ ಏನೋ ಒಂದು ಹೇಳ್ತೀನಿ" ಎಂದು ಹೊರಟುಹೋದರು. ಆಮೇಲೆ ಆ ಕೋಣೆಗೆ ಅವರು ಕಾಲಿಡಲಿಲ್ಲ.

ಆದದ್ದೇನು ಎಂಬುದು ದಾಖಲೆ ತುಂಬುವ ಟೈಪಿಸ್ಟ್ ಅಕ್ಕನನ್ನು ಕೇಳಿದಾಗ ಬಯಲಾಯಿತು. ಪುಟ್ಟಿಯದರ ಹಿಂದಿನ ಸಾಲಿನ ನೋಂದಣಿ ಸಂಖ್ಯೆ ಒಂದು ಗಂಡುಮಗುವಿನದು. ಅದೇ ಆಸ್ಪತ್ರೆ, ಅದೇ ದಿನ, ಪಕ್ಕದ ಮಂಚ. ಆ ಮಗು ಎರಡು ವರ್ಷದ್ದಾಗಿದ್ದಾಗ ಜ್ವರ ಬಂದು ತೀರಿಕೊಂಡಿತ್ತು. ಮರಣದ ಮಾಹಿತಿ ಬಂದಾಗ ಟೈಪಿಸ್ಟ್ ಅಕ್ಕ ಕೈತಪ್ಪಿ ಅದನ್ನು ಪುಟ್ಟಿಯ ಸಾಲಿಗೆ ಹಾಕಿದ್ದಳು.

"ಆಗಲೇ ನೋಡ್ಕೊಂಡೆ ಕಣೆ. ತಕ್ಷಣ ತಿದ್ದಿದೆ. ನಿನ್ನ ಮಗಳದ್ದು ಅಳಿಸಿ ಆ ಹುಡುಗನಿಗೆ ಹಾಕ್ದೆ. ಸೇವ್ ಆಯ್ತು ಅಂತ ಬಂತು. ಅಷ್ಟರಲ್ಲಿ ಕರೆಂಟ್ ಹೋಯ್ತು." ಅವಳ ಮುಖ ಬಿಳಚಿಕೊಂಡಿತ್ತು. "ನಿಂಗೆ ಹೇಳ್ಬಾರ್ದು ಅಂದ್ಕೊಂಡಿದ್ದೆ. ನೀನು ಮೊದಲೇ ಹೆದರುಪುಕ್ಕಲಿ."

ಅನುಮಾನಮ್ಮನಿಗೆ ಎಲ್ಲವೂ ಅರ್ಥವಾಯಿತು. ಬಲಗಡೆಯ ಡಿಸ್ಕು ತಿದ್ದುಪಡಿಯನ್ನು ಬರೆದುಕೊಂಡಿತ್ತು. ಎಡಗಡೆಯದು ಬರೆದೆ ಎಂದು ಹೇಳಿ ಬರೆದಿರಲಿಲ್ಲ. ಕರೆಂಟು ಹೋದಾಗ ಬಾಯಲ್ಲಿದ್ದುದನ್ನು ಕಳೆದುಕೊಂಡಿತ್ತು. ಅಂದಿನಿಂದ ಎಡಗಡೆಯ ಡಿಸ್ಕಿನಲ್ಲಿ ಆ ಹುಡುಗ ಬದುಕಿದ್ದ, ಪುಟ್ಟಿ ಸತ್ತಿದ್ದಳು. ಬಲಗಡೆಯದರಲ್ಲಿ ಪುಟ್ಟಿ ಬದುಕಿದ್ದಳು, ಆ ಹುಡುಗ ಸತ್ತಿದ್ದ. ಗುಂಡ ಸುಳ್ಳು ಹೇಳಿರಲಿಲ್ಲ. ಎಡಗಡೆಯದು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿತ್ತು. ಬಡಕಲಿನ ಪುಣ್ಯ, ಅದಕ್ಕೆ ಬಲಗಡೆಯದು ಸಿಕ್ಕಿತ್ತು. ಹೊಸದಕ್ಕೆ ಬೇಕಾದದ್ದು ಏನೆಂದು ಅವಳಿಗೆ ಈಗ ಚೆನ್ನಾಗಿ ಗೊತ್ತಾಯಿತು. ಬರೆದೆ ಎಂದರೆ ಬರೆದಿರಬೇಕು, ಕರೆಂಟಿರಲಿ ಬಿಡಲಿ. ಖರೀದಿಯ ಟಿಪ್ಪಣಿಯಲ್ಲಿ ಗುಂಡನ ಹೆಸರನ್ನೇ ಬರೆದು ಕೆಳಗೆ ಸಹಿ ಹಾಕಿದಳು.

ಅರ್ಥವಾದರೆ ಭಯ ಹೋಗಬೇಕಿತ್ತು. ಹೋಗಲಿಲ್ಲ. ಅದಕ್ಕೆ ಕಾರಣ ಕೌಂಟರಿನ ಎದುರಿನ ಬೆಂಚಿನಲ್ಲಿ ಕೂತಿತ್ತು.

ಆ ಹೆಂಗಸನ್ನು ಕೌಂಟರಿನವರೆಲ್ಲ ಬಲ್ಲರು. ವಾರಕ್ಕೊಮ್ಮೆಯಾದರೂ ಬಂದು ಮಗನ ಜನನ ಪತ್ರದ ನಕಲು ಕೇಳುವವಳು. ಕೊಟ್ಟದ್ದನ್ನು ಅಲ್ಲೇ ನಿಂತು ಓದಿ, ಕೆಲವನ್ನು ಬೆಂಚಿನ ಮೇಲೆಯೇ ಬಿಟ್ಟುಹೋಗುತ್ತಿದ್ದಳು, ಕೆಲವನ್ನು ಮಡಿಸಿ ಎದೆಗವಚಿಕೊಂಡು ಒಯ್ಯುತ್ತಿದ್ದಳು. ತಲೆ ಸರಿಯಿಲ್ಲ ಎಂದುಕೊಂಡಿದ್ದರು. ಅವತ್ತು ಅನುಮಾನಮ್ಮ ಬೆಂಚಿನ ಮೇಲೆ ಬಿಟ್ಟಿದ್ದ ಹಾಳೆಗಳನ್ನು ಎತ್ತಿ ನೋಡಿದಳು. ಎಲ್ಲದರ ಕೆಳಗೂ ಮೃತ ಎಂದಿತ್ತು. ಒಯ್ದವುಗಳಲ್ಲಿ ಏನಿತ್ತು ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಯಂತ್ರ ಎರಡು ನಾಲಿಗೆಯಲ್ಲಿ ಮಾತಾಡುವುದು ಇಡೀ ಕಚೇರಿಗಿಂತ ಎಷ್ಟೋ ಮೊದಲೇ ಅವಳೊಬ್ಬಳಿಗೆ ಗೊತ್ತಿತ್ತು.

ಹೆಂಗಸು ತಲೆಯೆತ್ತಿ ನೋಡಿದಳು. ದಪ್ಪ ಜಡೆ ಈಗ ತೆಳ್ಳಗಾಗಿತ್ತು. "ಗುರುತು ಸಿಕ್ತಾ? ಆಸ್ಪತ್ರೇಲಿ ಪಕ್ಕದ ಮಂಚ. ನಿಮ್ಮ ಮಗು ಅತ್ರೆ ನಂದೂ ಅಳೋದು. ನಂದು ನಿಲ್ಲಿಸಿದ್ರೆ ನಿಮ್ಮದೂ ನಿಲ್ಲಿಸೋದು."

"ಸಿಕ್ತು" ಎಂದಳು ಅನುಮಾನಮ್ಮ.

"ಹೊಸ ಮಿಷನ್ ಬರುತ್ತಂತೆ. ಅದು ಹೇಗೆ ಹೇಳುತ್ತೆ?"

"ಅದು ಒಂದೇ ಥರ ಹೇಳುತ್ತೆ ಅಕ್ಕ."

"ಯಾವ ಥರ?"

ಅನುಮಾನಮ್ಮ ಕೈಯಲ್ಲಿದ್ದ ಹಾಳೆಗಳನ್ನು ಮಡಿಸಿದಳು. ಹೆಂಗಸು ತಾನೇ ತಲೆಯಾಡಿಸಿ, ಬೇರೆ ಮಾತು ಎತ್ತುವಂತೆ ಮೆಲ್ಲಗೆ ಕೇಳಿದಳು. "ನಿಮ್ಮ ಮಗಳು ಚೆನ್ನಾಗಿದ್ದಾಳಾ?"

ಕೇಳಿದ್ದರಲ್ಲಿ ಒಂದಿಷ್ಟೂ ಕೆಡುಕಿರಲಿಲ್ಲ. ಆದರೂ ಅಂದು ಅನುಮಾನಮ್ಮ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಪುಟ್ಟಿಯನ್ನು ಎತ್ತಿಕೊಂಡಳು. "ಇದೇನಿದು, ಯುದ್ಧದಿಂದ ಬಂದವರ ಹಾಗೆ" ಎಂದರು ಅತ್ತೆ.

ವಾರವಿಡೀ ಟೈಪಿಸ್ಟ್ ಅಕ್ಕನೂ ಅವಳೂ ಕೂತು, ಎರಡು ಡಿಸ್ಕುಗಳಲ್ಲಿ ತಾಳೆಯಾಗದ ಒಂದೊಂದು ಮಗುವಿನ ಮನೆಗೂ ಫೋನು ಮಾಡಿದರು. ಏನೆಂದು ಕೇಳುವುದು? ಟೈಪಿಸ್ಟ್ ಅಕ್ಕ ಉಪಾಯ ಕಂಡುಹಿಡಿದಳು. "ಮಗು ಯಾವ ಶಾಲೆಗೆ ಹೋಗುತ್ತೆ?" ಎಂದಷ್ಟೇ ಕೇಳುವುದು. ಶಾಲೆಯ ಹೆಸರು ಬಂದರೆ ಸರಿ. ಒಂದೆರಡು ಮನೆಗಳಲ್ಲಿ ಆ ಕಡೆ ಏನೂ ಕೇಳಿಸದಾಗ ಅವಳು ಕಣ್ಣೊರೆಸಿಕೊಂಡು, "ಕ್ಷಮಿಸಿ" ಎಂದು ಇಟ್ಟಳು. ಪ್ರತಿಯೊಂದು ಸಲವೂ ಬಲಗಡೆಯ ಡಿಸ್ಕು ಹೇಳಿದ್ದೇ ನಿಜವಾಗಿತ್ತು. ಅನುಮಾನಮ್ಮ ಎಡಗಡೆಯ ಡಿಸ್ಕನ್ನು ಎಳೆದು ತೆಗೆದು ಡ್ರಾಯರಿನಲ್ಲಿಟ್ಟಳು. ಬಲಗಡೆಯದರಿಂದ ಗುಂಡನಿಗೆ ಎಲ್ಲವನ್ನೂ ಹೊಸದಾಗಿ ನಕಲು ಮಾಡಿದಳು. ಕೇಳಿದಳು: ಜೀವಂತ. ಪ್ಲಗ್ಗು ಕಿತ್ತು, ಮತ್ತೆ ಹಾಕಿ, ಕೇಳಿದಳು: ಜೀವಂತ. ಗ್ಯಾರಂಟಿ ಪಕ್ಕದಲ್ಲಿ ನಿಂತು ಹಲ್ಲು ಕಿರಿದ. "ಇನ್ನೂ ಕೇಳಿ ಮೇಡಂ. ಅದಕ್ಕೇ ಸಾಕಾಗಿ ಏನಾದ್ರೂ ಬೇರೆ ಹೇಳೋವರೆಗೂ ಕೇಳಿ."

ಹಳೆಯದನ್ನು ಗುಜರಿಯವರು ಒಯ್ಯುವ ದಿನ, ಮಧ್ಯಾಹ್ನದ ಹೊತ್ತಿಗೆ, ಆ ಹೆಂಗಸು ಯಂತ್ರದ ಕೋಣೆಯ ಬಾಗಿಲಿಗೇ ಬಂದು ನಿಂತಳು. ಒಳಗೆ ಯಾರು ಬಿಟ್ಟರೋ.

"ಒಂದು ಸಲ ತೋರಿಸ್ತೀರಾ? ಅದು ಹೋಗೋಕೆ ಮುಂಚೆ. ಇದ್ದಾನೆ ಅನ್ನೋದನ್ನ."

"ಅಕ್ಕ, ಅದು ನಿಜ ಅಲ್ಲ."

"ಅಷ್ಟೂ ಗೊತ್ತಿಲ್ವಾ ನಂಗೆ? ಎತ್ತಿ ಮಲಗಿಸಿದ್ದು ನಾನೇ." ಅವಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. "ಮನೇಲಿ ಅವನ ಹೆಸರು ಯಾರೂ ಎತ್ತಲ್ಲ. ಇದೊಂದೇ ಅವನು ಇದ್ದಾನೆ ಅಂತ ಹೇಳ್ತಿದ್ದಿದ್ದು. ನಿಮಗೆ ಭಯ ಆಗೋದಾದ್ರೆ ಬೇಡ."

ಭಯ ಎಂದು ಹೇಗೆ ಹೇಳುವುದು? ಓದಿದವಳು, ಈ ತಗಡಿನ ಒಳಹೊರಗನ್ನು ಬಲ್ಲವಳು. ಅವಳು ಡ್ರಾಯರು ಎಳೆದು ಎಡಗಡೆಯ ಡಿಸ್ಕನ್ನು ತೆಗೆದಳು. ಅದು ಬೆಚ್ಚಗಿತ್ತು. ಡ್ರಾಯರಿನ ಪಕ್ಕದಲ್ಲೇ ಗುಂಡನ ಬಿಸಿಗಾಳಿ ಬರುತ್ತದೆ, ಅದಕ್ಕೇ ಇರಬೇಕು. ಹಳೆಯ ಸರ್ವರಿನಿಂದ ಬಲಗಡೆಯದನ್ನು ಹೊರಗೆಳೆದು, ಎಡಗಡೆಯದೊಂದನ್ನೇ ಒಳಗೆ ತಳ್ಳಿ, ಸ್ವಿಚ್ಚು ಒತ್ತಿದಳು. ಈಗ ಅದಕ್ಕೆ ಬೇರೆ ನಾಲಿಗೆಯಿರಲಿಲ್ಲ. ಹುಡುಗನ ಸಂಖ್ಯೆ ಒತ್ತಿದಳು. ಹಸಿರು ದೀಪ ಮಿಟುಕಿತು.

ಸ್ಥಿತಿ: ಜೀವಂತ.

ಹೆಂಗಸು ಪರದೆಯ ಹತ್ತಿರ ಬಂದು ಕೂತಳು. ಅವಳ ತುಟಿ ಅಲುಗುತ್ತಿತ್ತು, ಮಗುವನ್ನು ಮಲಗಿಸುವಾಗ ಅಲುಗುವ ಹಾಗೆ. ಅನುಮಾನಮ್ಮ ಅವಳ ಹಿಂದೆ ನಿಂತಿದ್ದಳು. ಈ ಹೊತ್ತು, ಈ ಯಂತ್ರದೊಳಗೆ, ಹುಡುಗನ ಮುಂದಿನ, ಪುಟ್ಟಿಯ ಸಾಲಿನಲ್ಲಿ ಏನಿದೆ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ತಾನೇ ಕೈಯಾರೆ ಡಿಸ್ಕು ತೂರಿಸಿ, ತಾನೇ ಸ್ವಿಚ್ಚು ಒತ್ತಿದ್ದು. ಬಿಡಿಸಿ ಎಬ್ಬಿಸಲೂ ಆಗದು, ನೋಡುತ್ತ ನಿಲ್ಲಲೂ ಆಗದು.

ಕೊನೆಗೆ ಹೆಂಗಸೇ ಎದ್ದಳು. "ಸಾಕು. ಆರಿಸಿಬಿಡಿ. ಹೀಗೇ ಇರೋವಾಗಲೇ ಆರಿಸಿ, ಬದಲಾಯಿಸ್ಬೇಡಿ."

ಅನುಮಾನಮ್ಮ ಆರಿಸಿದಳು. ಫ್ಯಾನುಗಳು ಇಳಿಯುತ್ತ ಇಳಿಯುತ್ತ ಒಂದು ನಿಟ್ಟುಸಿರಿನಂಥ ಸದ್ದು ಮಾಡಿ ನಿಂತವು. ಆ ಯಂತ್ರದ ಕೊನೆಯ ಮಾತು ಅದೇ ಆಯಿತು.

ಹೆಂಗಸು ಹೋದ ಮೇಲೆ ಅವಳು ಗುಂಡನನ್ನು ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಬ್ಯಾಗು ತೆಗೆದುಕೊಂಡು, ಅತ್ತೆಗೆ "ಇವತ್ತು ನಾನೇ ಕರ್ಕೊಂಡ್ ಬರ್ತೀನಿ" ಎಂದು ಫೋನಿನಲ್ಲಿ ಹೇಳಿ, ಶಿಶುವಿಹಾರದ ಕಡೆ ಹೊರಟಳು. ಮೊದಲು ನಡೆದಳು, ಆಮೇಲೆ ಓಡಿದಳು. ಬೀದಿಯಲ್ಲಿ ಬಿಸಿಲು ಚೊಕ್ಕವಾಗಿತ್ತು, ಅಂಗಡಿಯವರು ಎಂದಿನಂತೆ ಹರಟುತ್ತಿದ್ದರು. ಎಲ್ಲ ಎಂದಿನಂತಿದ್ದುದನ್ನೇ ಅವಳಿಗೆ ಸಹಿಸಲಾಗಲಿಲ್ಲ.

ಶಿಶುವಿಹಾರದ ಗೇಟಿನಲ್ಲಿ ಟೀಚರು ಒಂದೊಂದೇ ಹೆಸರು ಕೂಗಿ, ಬಂದ ಮನೆಯವರ ಕೈಗೆ ಮಗುವನ್ನು ಒಪ್ಪಿಸುತ್ತಿದ್ದಳು. ಕೆಂಪು ಬ್ಯಾಗಿನವನು ಹೋದ, ಅವಳಿಜವಳಿ ಹೋದರು, ಅಳುತ್ತಿದ್ದವಳು ಅಜ್ಜನ ಹೆಗಲೇರಿದಳು. ಗೇಟಿನ ಮುಂದಿನ ಗುಂಪು ಕರಗಿತು. ಟೀಚರು ಒಳಗೊಮ್ಮೆ ಕಣ್ಣಾಡಿಸಿ, ಗೇಟನ್ನು ಎಳೆದುಕೊಳ್ಳತೊಡಗಿದಳು.

"ನನ್ನ ಮಗಳು?" ಎಂದಳು ಅನುಮಾನಮ್ಮ.

ಟೀಚರು ಕೈ ನಿಲ್ಲಿಸಿದಳು. "ನಿಮ್ಮ ಮಗಳಾ? ಹೋಗಿರ್ಬೇಕಲ್ಲ. ಎಲ್ಲರದ್ದೂ ಕೂಗಿದ್ನಲ್ಲ." ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಕೂಗಿದೆ ಅನ್ಸುತ್ತೆ."

ಅನುಮಾನಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದಳು. ಉದ್ದನೆಯ ಖಾಲಿ ಕೋಣೆ, ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಬೆಂಚು. ಕೊನೆಯ ಬೆಂಚಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ಜೋಡಿಸಿಕೊಂಡು, ಪುಟ್ಟಿ ಕೂತಿದ್ದಳು. ಅಳುತ್ತಿರಲಿಲ್ಲ.

"ಯಾಕೆ ಕಂದ, ಹೊರಗೆ ಬರಲಿಲ್ಲ?"

"ನನ್ನ ಹೆಸರು ಕೂಗಲಿಲ್ಲ ಅಮ್ಮ" ಎಂದಳು ಪುಟ್ಟಿ, ದೂರು ಹೇಳುವ ದನಿಯಲ್ಲೂ ಅಲ್ಲ. "ಕೂಗದೆ ಏಳಬಾರ್ದಲ್ವಾ?"

ಅನುಮಾನಮ್ಮ ಮೊಣಕಾಲೂರಿ ಕೂತು ಅವಳ ಮುಖವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಕೆನ್ನೆ ಬೆಚ್ಚಗಿತ್ತು. ಆಮೇಲೆ ಮನೆಯಲ್ಲಿ ಯಾರೂ ಬಳಸದ, ನೋಂದಣಿಯಲ್ಲಿ ಮಾತ್ರ ಇರುವ ಆ ಪೂರ್ತಿ ಹೆಸರನ್ನು, ಒಂದಕ್ಷರವೂ ತಪ್ಪದಂತೆ, ಖಾಲಿ ಕೋಣೆಗೆ ಕೇಳುವ ಹಾಗೆ ಕೂಗಿದಳು.

"ಇದ್ದೀನಿ" ಎಂದು ಪುಟ್ಟಿ ಎದ್ದು ನಿಂತಳು.